ಮಹಾರಾಣಿಗೆ ಇಟ್ಟ ಮೀನು

ಅಕ್ಟೋಬರ್ ೯, ಬೆಳಿಗ್ಗೆ

ನನ್ನ ಬಂಗಾರದಂಥ ಮಗಳೇ,

ಅಪ್ಪನ ಆಶೀರ್ವಾದ. ಪತ್ರ ಬರೆಯಲು ಕೂತರೂ ಗಂಟಲು ಸರಿಮಾಡಿಕೊಳ್ಳುವ ಚಟ ಹೋಗಿಲ್ಲ. ಯಾರಿಗೆ ಭಾಷಣ ಎಂದು ನಿನ್ನ ಅಮ್ಮ ಒಳಗಿನಿಂದಲೇ ಕೇಳಿದಳು.

ಮೊದಲ ಹಿಮ ಬಿದ್ದಿದೆ. ಹಿಮಸಾರಂಗಗಳು ದಿಬ್ಬ ಇಳಿದಿವೆ, ತೋಳಗಳ ಹೆಜ್ಜೆ ಕೆರೆಯಾಚೆ ಕಾಣುತ್ತಿದೆ, ಕರಡಿಗಳು ಗುಹೆ ಸೇರಿವೆ. ಒಂದರ ಹೊರತು. ಅವಳ ಕಥೆಯನ್ನೇ ಹೇಳಬೇಕಾಗಿದೆ.

ಇಪ್ಪತ್ತು ವರ್ಷದಿಂದ ನನ್ನ ಕೆಲಸವೇನು? ಕಾಡಿನ ಮರದ ಗುಡಿಸಲಿನಲ್ಲಿ ಪ್ರವಾಸಿಗಳನ್ನು ಕೂರಿಸಿ ಕಿಂಡಿಯಿಂದ ಕರಡಿ ತೋರಿಸುವುದು. ಮಹಾಜನರೇ, ಇಗೋ ಈ ಅರಣ್ಯದ ಮಹಾರಾಣಿ ಆಗಮಿಸುತ್ತಿದ್ದಾಳೆ ಎಂದು ಪಿಸುದನಿಯಲ್ಲೇ ಗರ್ಜಿಸುತ್ತಿದ್ದೆ. ಪೊದೆ ಸರಿಸಿ ಅವಳು ಬರುತ್ತಿದ್ದಳು. ನಾನು ಕರೆದ ಹೊತ್ತಿಗೇ ಅದು ಹೇಗೆ ಬರುತ್ತಾಳೆ ಎಂದು ನೀನೂ ಕೇಳಿದ್ದೆ. ಕಲೆ ಕಣೇ, ಕಲೆ ಎಂದು ಮೀಸೆ ತಿರುವಿದ್ದೆ.

ಕಲೆಯಲ್ಲ, ಒಣಮೀನು. ಪ್ರವಾಸಿಗಳು ಬರುವ ಮುಂಚೆ ಎದುರಿನ ಮರದ ಪೊಟರೆಯಲ್ಲಿ ಎರಡು ಹಿಡಿ ತುರುಕುತ್ತಿದ್ದೆ. ಕಾಡುಪ್ರಾಣಿಗೆ ತಿನ್ನಲು ಕೊಡಬಾರದು ಎಂಬ ಕಟ್ಟಳೆಯನ್ನು ಜನರಿಗೆ ಓದಿ ಹೇಳುತ್ತಿದ್ದವನೂ ನಾನೇ. ಹಿಂದೊಮ್ಮೆ ಏನೂ ಕಾಣದೆ ಜನ ಆಕಳಿಸಿದರು ನೋಡು, ಅದನ್ನು ನನ್ನಿಂದ ತಡೆಯಲಾಗಲಿಲ್ಲ.

ಆಗಸ್ಟಿನಲ್ಲಿ ಜ್ವರ ಬಂದು ಮಲಗಿದೆ. ಮೂರು ದಿನ ಪೊಟರೆ ಖಾಲಿ. ನಾಲ್ಕನೆಯ ದಿನ ಅವಳು ಗುಡಿಸಲಿನ ಬಾಗಿಲು ಮುರಿದು ನುಗ್ಗಿದಳು. ನನ್ನ ಬೆಂಚಿನ ಕೆಳಗೆ ಮೀನಿನ ಚೀಲವಿತ್ತು. ಕರಡಿ ನೋಡಲು ಬಂದು ಒಳಗಿದ್ದ ಮೇಷ್ಟ್ರೊಬ್ಬರ ತೋಳು ಸೀಳಿತು. ಸಂಜೆಯೊಳಗೆ ಕಾವಲಿನವರು ಅವಳಿಗೆ ಗುಂಡಿಟ್ಟರು.

ಕಾಡಿನ ಪಶುವೈದ್ಯೆ ನೀನು. ಕರಡಿ ಮನುಷ್ಯರ ಹತ್ತಿರ ಯಾಕೆ ಬಂತು ಎಂದು ವಿಚಾರಣೆಯಲ್ಲಿ ಅರಣ್ಯ ಇಲಾಖೆಯ ಸಾಹೇಬರು ನಿನ್ನನ್ನು ಕೇಳಿದರು. ಕಾರಣ ಗೊತ್ತಾಗಲಿಲ್ಲ ಎಂದೆ ನೀನು. ಇಷ್ಟೂ ತಿಳಿಯದವಳು ಇಲ್ಲಿ ಬೇಡ ಎಂದು ನಿನ್ನನ್ನು ದೂರದ ಕಚೇರಿಯಲ್ಲಿ ಕಡತ ಜೋಡಿಸಲು ಅಟ್ಟಿದರು. ನಾನು ಹಿಂದಿನ ಸಾಲಿನಲ್ಲೇ ಕೂತಿದ್ದೆ. ಕೊನೇ ಬೆಂಚಿಗೂ ಕೇಳುವಂತೆ ಅಬ್ಬರಿಸುವ ಈ ಬಾಯಿಗೆ ಅವತ್ತು ಬೀಗ ಬಿದ್ದಿತ್ತು. ಬಸ್ಸು ಹತ್ತುವಾಗ ನೀನು, "ಮಾತ್ರೆ ಮರೀಬೇಡಪ್ಪ" ಅಂದೆ. ಆಗಲಾದರೂ ಹೇಳಬಹುದಿತ್ತು. ಕೈ ಬೀಸಿದೆ.

ನಾಳೆ ಸಾಹೇಬರ ಮುಂದೆ ಎಲ್ಲ ಒಪ್ಪಿಕೊಳ್ಳುತ್ತೇನೆ. ನಿನಗೆ ಮೊದಲು ತಿಳಿಯಲಿ ಎಂದು ಬರೆದೆ. ಕ್ಷಮಿಸು ಎನ್ನಲು ಮುಖವಿಲ್ಲ.

ನಿನ್ನ ತಪ್ಪಿತಸ್ಥ
ಅಪ್ಪ

ಮರೆತ ಮಾತು: ಲಕೋಟೆ ಅಂಟಿಸುವ ಮುನ್ನ ನಿನ್ನ ಅಮ್ಮನಿಗೆ ಓದಿ ಹೇಳಿದೆ. ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. "ಕರಡಿ ಹೊಟ್ಟೆ ಕುಯ್ದು ನೋಡಿದವಳು ನಮ್ಮ ಮಗಳೇ ಅಲ್ವಾ? ಮೀನಿನ ಜೊತೆ ಚೀಲದ ಚೂರೂ ಸಿಕ್ಕಿತ್ತು. ನನ್ನ ಹೊಲಿಗೆ ಅಂತ ಗುರುತು ಹಿಡಿದು, ಅಪ್ಪನಿಗೆ ಹೇಳ್ಬೇಡ ಅಂದ್ಲು," ಎಂದಳು. ನಾಳೆಯವರೆಗೆ ಕಾಯಲಾಗಲಿಲ್ಲ ಮಗಳೇ. ಈಗಷ್ಟೇ ಎಲ್ಲ ಹೇಳಿ ಸಾಹೇಬರ ಕೋಣೆಯಿಂದ ಬಂದೆ. ಇನ್ನು ಯಾರು ಕೇಳಿದರೂ ನೀನು ಗೊತ್ತಿಲ್ಲ ಎನ್ನಬೇಕಾಗಿಲ್ಲ.