ಪ್ರತಿ: ಮ್ಯಾನೇಜರ್

ಮಾರ್ಚ್ 3, ಸೋಮವಾರ. ಬೆಳಗ್ಗೆ 10
ಪರದೆಯಲ್ಲಿ ಮತ್ತೆ ಅದೇ ಕೆಂಪು ಸಾಲು. ಎಐ ತೆರೆಯುವ ಗುಟ್ಟಿನ ಕೀ ಸಿಗಲಿಲ್ಲವಂತೆ. ಕೀ ಇದೆ, ನಾನೇ ಫೈಲಿಗೆ ಅಂಟಿಸಿದ್ದೇನೆ. ತಂಗಿಯ ಮಗಳಿಗೆ ಫೋನ್ ಮಾಡಿದೆ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು.
“ಬೇರೆ ಫೋಲ್ಡರಲ್ಲಿ ಇಟ್ಟಿದೀರ, ದೊಡ್ಡಮ್ಮ. ಬೀಗದ ಕೈ ಪಕ್ಕದ ಮನೇಲಿಟ್ಟು ಬಾಗಿಲಿಗೆ ಬೈದ್ರೆ ಆಗುತ್ತಾ?”
ಸರಿಸಿದೆ. ಪ್ರೋಗ್ರಾಂ ಓಡಿತು. “ನಮಸ್ಕಾರ” ಅಂದಿತು. ಹೆದರಿ ಕುರ್ಚಿ ಹಿಂದಕ್ಕೆಳೆದೆ. ಇಪ್ಪತ್ತಾರು ವರ್ಷ ಲಾಠಿ ಎದುರು ನಿಂತವಳು ನಾನು!

ಮಧ್ಯಾಹ್ನ 3
ಯಂತ್ರದ ಕೈಲಿ ಪತ್ರ ಬರೆಸುವ ಈ ಹುಚ್ಚು ಯಾಕೆ? ಕಾರ್ಮಿಕ ಸಂಘದ ಕಚೇರಿಯಲ್ಲಿ ಉತ್ತರ ಕಾಣದ ದೂರು ಇನ್ನೂರು ದಾಟಿವೆ. ಪತ್ರ ಬರೆಯುವವಳು ನಾನೊಬ್ಬಳೇ. ಕಣ್ಣು ಮಂಜು, ಬೆರಳು ಮೊಂಡು. ಉತ್ತರ ಸಿಗದ ಪ್ರತಿ ದೂರೂ ಮಾಲೀಕನ ಒಂದು ಗೆಲುವು. ಅಧ್ಯಕ್ಷರು “ಮಾಡಿ ನೋಡಿ” ಅಂದು ಊರು ಬಿಟ್ಟಿದ್ದಾರೆ. ಕೆಟ್ಟರೆ ನನ್ನ ತಲೆಗೇ.

ಮಾರ್ಚ್ 5, ಬುಧವಾರ
ಎಐ ಏಜೆಂಟ್ ಅಂದರೆ ಏನೂ ಮಹಾ ಅಲ್ಲ ಎನ್ನುತ್ತಾಳೆ ಹುಡುಗಿ. ಏನು ಮಾಡಬೇಕೆಂದು ಒಂದು ಮಾತು. ಕೈಗೆ ಮೂರು ಸಲಕರಣೆ — ಪತ್ರ ಓದು, ಉತ್ತರ ಬರೆ, ಕಳಿಸು. ಮುಗಿಯುವ ತನಕ ಸುತ್ತು ಹೊಡಿ, ಅಷ್ಟೇ. ಎಲ್ಲ ಸೇರಿ ಎಂಬತ್ತು ಸಾಲಿನ ಕೋಡ್.
ಮೊದಲ ಉತ್ತರ ನೋಡಿ ಮೈ ಉರಿಯಿತು. “ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.” ಕೈ ಸುಟ್ಟುಕೊಂಡವಳಿಗೆ ಅನಾನುಕೂಲವಂತೆ! ನಮ್ಮ ಹಳೆಯ ಪತ್ರ ನಲವತ್ತನ್ನು ಮಾದರಿ ಎಂದು ತುರುಕಿದೆ. ಎಲ್ಲರ ಇಮೇಲ್ ಪಟ್ಟಿಯನ್ನೂ ಕೊಟ್ಟೆ.
ಈಗ ಬರೆಯಿತು. “ಬೇಡುತ್ತಿಲ್ಲ, ಕೇಳುತ್ತಿದ್ದೇವೆ.” ನನ್ನದೇ ದನಿ. ಖುಷಿಯಾಗಬೇಕಿತ್ತು. ಹೆದರಿಕೆಯಾಯಿತು.

ಮಾರ್ಚ್ 7, ಶುಕ್ರವಾರ. ಸಂಜೆ 5
“ಕಳಿಸೋ ಸಲಕರಣೆ ಈಗಲೇ ಬೇಡ ದೊಡ್ಡಮ್ಮ. ಕತ್ತರಿ ಕೊಟ್ಟ ಮೇಲೆ ಏನು ಕತ್ತರಿಸ್ತು ಅಂತ ಅಳಬಾರದು.”
“ಕತ್ತರಿ ಇಲ್ದೆ ದರ್ಜಿ ಆಗಲ್ಲ ಕಣೇ.”
ಕೊನೆಗೆ ರಾಜಿ. ಕಳಿಸುವ ಮುನ್ನ ಪತ್ರ ತೋರಿಸಿ ಕೇಳುತ್ತದೆ: ಕಳಿಸಲೇ? ಹೌದು ಅನ್ನಲು ನಾನು y ಒತ್ತಿದರೆ ಮಾತ್ರ ಹೋಗಬೇಕು.
ಸುಳ್ಳು ದೂರು ಇಪ್ಪತ್ತು ಕಟ್ಟಿ ಪರೀಕ್ಷೆ. ಎಲ್ಲ ನನ್ನ ಇಮೇಲಿಗೇ ಬರುವಂತೆ ಇಟ್ಟಿದ್ದೆ. y, y, y… ಇಪ್ಪತ್ತಕ್ಕೆ ಇಪ್ಪತ್ತು ಸರಿ.

ಮಾರ್ಚ್ 8, ಶನಿವಾರ. ಮಧ್ಯಾಹ್ನ 12
ಮೊದಲ ನಿಜವಾದ ಪತ್ರ ಹೋಯಿತು. ಲಾಂಡ್ರಿಯ ಇಸ್ತ್ರಿಯವಳಿಗೆ. ಅವಳ ದೂರೇ ಎಲ್ಲಕ್ಕಿಂತ ಉರಿಯುತ್ತಿತ್ತು. ಪಾಳಿ ಶುರುವಾದೊಡನೆ ಹಿಂಬಾಗಿಲಿಗೆ ಬೀಗ. ಒಳಗೆ ಮೂವತ್ತೊಂದು ಹೆಂಗಸರು, ಆವಿ, ಬಾಯ್ಲರು. ಬೆಂಕಿ ಬಿದ್ದರೆ ದಾರಿಯಿಲ್ಲ. ಬೀಗದ ಫೋಟೊ ಕದ್ದು ತೆಗೆದು ಕಳಿಸಿದ್ದಳು. “ನನ್ನ ಹೆಸರು ಹೊರಗೆ ಬರಬಾರದು ಅಕ್ಕಾ.” ಹಿಂದೆ ಬಾಯಿ ಬಿಟ್ಟ ಮೂವರನ್ನು ಹೊರಗೆ ಹಾಕಿದ್ದಾರೆ. ಇವಳ ಗಂಡ ಮೇಲೇಳಲಾರ, ಮನೆ ಇವಳೊಬ್ಬಳ ಮೇಲೆ.
ಓದಿದೆ. ಚೆನ್ನಾಗಿತ್ತು. y.

ಸಂಜೆ 4
ಕಳಿಸಿದ್ದರ ದಾಖಲೆ ತೆರೆದೆ.
ಒಂದು ಪತ್ರ. ಎರಡು ವಿಳಾಸ.
ಎರಡನೆಯದು ಲಾಂಡ್ರಿಯ ಮ್ಯಾನೇಜರದು.

ಸಂಜೆ 4.20
ಮಾದರಿ ಪತ್ರಗಳನ್ನು ಮತ್ತೆ ತೆಗೆದು ನೋಡಿದೆ.
ನಮ್ಮ ಸಂಘದ ಪ್ರತಿ ಪತ್ರದ ಬುಡದಲ್ಲೂ ಒಂದು ಸಾಲು: “ಪ್ರತಿ: ಮ್ಯಾನೇಜರ್.” ಬೆನ್ನ ಹಿಂದೆ ಮಾತಿಲ್ಲ, ಹೊಡೆದರೆ ಮುಖಕ್ಕೇ — ನಾವು ಹೆಮ್ಮೆಯಿಂದ ಇಟ್ಟ ಪದ್ಧತಿ. ಅವೆಲ್ಲ ಸಂಘದ ಬೇಡಿಕೆ ಪತ್ರಗಳು. ಗುಟ್ಟಿನ ದೂರಿಗೆ ನಾನು ಎಂದೂ ಬರೆದವಳಲ್ಲ, ಮನೆಗೆ ಹೋಗಿ ಬಾಯಲ್ಲೇ ಹೇಳಿ ಬರುತ್ತಿದ್ದೆ. ಯಂತ್ರಕ್ಕೆ ಈ ವ್ಯತ್ಯಾಸ ಯಾರು ಹೇಳಿದರು? ನಲವತ್ತು ಮಾದರಿಯಲ್ಲೂ ಆ ಸಾಲಿತ್ತು. ಕಲಿತುಕೊಂಡಿತು. ಪಟ್ಟಿ ನೋಡಿತು, ವಿಳಾಸ ಸಿಕ್ಕಿತು.
ನನಗೂ ತೋರಿಸಿತ್ತು! ಪರದೆಯ ಬುಡದಲ್ಲೇ. ಇಪ್ಪತ್ತಾರು ವರ್ಷ ಕಂಡ ಸಾಲು, ಕಣ್ಣು ಹಾರಿಸಿಕೊಂಡು ಹೋಯಿತು. ಯಂತ್ರದ ತಪ್ಪು ಅನ್ನಲು ಬಾಯಿ ಬರುವುದಿಲ್ಲ. y ಒತ್ತಿದ್ದು ಈ ಬೆರಳು.
ಪತ್ರದಲ್ಲಿ ಅವಳ ಹೆಸರು. ಹಾಜರಿ ಟೋಕನ್ ನಂಬರು. ಬೀಗದ ಮಾತು. ಎಲ್ಲ.

ಸಂಜೆ 5
“ವಾಪಸ್ ಎಳೆಯಕ್ಕಾಗಲ್ಲ ದೊಡ್ಡಮ್ಮ. ಆಡಿದ ಮಾತು, ಒಡೆದ ಮುತ್ತು.” ಅವಳ ದನಿಯೂ ಸಣ್ಣಗಾಗಿತ್ತು. “ಅವರು ಮೇಲ್ ಯಾವಾಗ ನೋಡ್ತಾರೆ?”
ಶನಿವಾರ, ಭಾನುವಾರ ಅವರಿಗೆ ರಜೆ. ಸೋಮವಾರ ಒಂಬತ್ತಕ್ಕೆ.

ಮಾರ್ಚ್ 9, ಭಾನುವಾರ
ಹೋದೆ. ಎರಡು ಕೋಣೆಯ ಮನೆ. ಗಂಡನಿಗೆ ಬೆನ್ನು ಒರೆಸುತ್ತಿದ್ದಳು. ಹೇಳಿದೆ. ಸುತ್ತಿ ಬಳಸದೆ ಹೇಳಿದೆ.
ಬಟ್ಟೆ ಹಿಂಡಿದಳು. ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದಳು.
“ನಿಮ್ಮನ್ನ ನಂಬಿದೆ ಅಕ್ಕಾ. ಮಷೀನನ್ನಲ್ಲ.”
“ಹೊಡಿ ಬೇಕಾದ್ರೆ.”
“ಹೊಡೆದ್ರೆ ನನ್ನ ಕೆಲಸ ಉಳಿಯುತ್ತಾ?”
ಮಂಚದಿಂದ ಗಂಡ ಅಂದ, “ನಾಲ್ಕು ಜನರ ಕೆಲಸ ನೀನೊಬ್ಬಳೇ ಮಾಡ್ತೀಯ, ಬೈಗುಳಾನೂ ನೀನೊಬ್ಬಳೇ ಯಾಕೆ ತಿಂತೀಯ? ಜೊತೇಲಿರೋ ಹೆಂಗಸರನ್ನೂ ಕೇಳು.”
ಅವಳು ಅವನನ್ನೇ ನೋಡಿದಳು. ಸೆರಗು ಬಿಗಿದಳು. “ಒಂದು ಹೆಸರಾದ್ರೆ ಕಿತ್ತು ಬಿಸಾಕ್ತಾರೆ. ಎಲ್ಲ ಹೆಸರೂ ಹೋದ್ರೆ ಇಸ್ತ್ರಿ ಯಾರು, ಅವನ ಅಪ್ಪ ಹಾಕ್ತಾನಾ?”

ಸಂಜೆ 6
ಉಳಿದ ಮೂವತ್ತು ಬಾಗಿಲು ತಟ್ಟಿದೆವು. ಕೆಲವು ತೆರೆಯಲಿಲ್ಲ. ಒಬ್ಬಳು ಮಗುವನ್ನು ಮುಂದೆ ಹಿಡಿದು ನಿಂತಳು. ಅವಳನ್ನು ಬೈಯುವ ಹಕ್ಕು ನನಗಿಲ್ಲ. ಇವಳೂ ಸೇರಿ ಹತ್ತೊಂಬತ್ತು ಜನ ಹೂಂ ಅಂದರು. ಹತ್ತೊಂಬತ್ತು ಸಾಕೇ? ಹತ್ತೊಂಬತ್ತು ಮನೆಯ ಒಲೆ ಆರಿಸುತ್ತಿದ್ದೇನೆಯೇ?

ಮಾರ್ಚ್ 10, ಸೋಮವಾರ. ಬೆಳಗ್ಗೆ 8.35
ಕಚೇರಿ. ಮಾಲೀಕನಿಗೆ ಪತ್ರ ನಾನೇ ಬರೆದೆ, ಯಂತ್ರಕ್ಕೆ ಬಿಡಲಿಲ್ಲ. ಬೀಗ ತೆಗೆಯಿರಿ. ದೂರು ಒಬ್ಬಳದಲ್ಲ, ನಮ್ಮೆಲ್ಲರದು. ಹತ್ತೊಂಬತ್ತು ಹೆಸರು, ಹತ್ತೊಂಬತ್ತು ಟೋಕನ್ನು. ಕಳಿಸುವ ಕೆಲಸ ಮಾತ್ರ ಅದಕ್ಕೆ. ಪರದೆಯ ಮೇಲೆ ಬೆರಳಿಟ್ಟು ಜೋರಾಗಿ ಓದಿದೆ. ಕೊನೆಯ ಸಾಲು ಎರಡು ಸಲ ಓದಿದೆ.
ಪ್ರತಿ: ಮ್ಯಾನೇಜರ್.

8.50
ಇಷ್ಟು ವರ್ಷ ಎಲ್ಲರ ಪರವಾಗಿ ಬರೆದೆ. ಸಹಿ ಅಧ್ಯಕ್ಷರದು. ನನ್ನ ಹೆಸರು ಒಂದು ಪತ್ರದಲ್ಲೂ ಇಲ್ಲ. ಮಗನ ಕೆಲಸ ಲಾಂಡ್ರಿ ಮಾಲೀಕನ ಗೋಡೌನಿನಲ್ಲಿ… ಇದನ್ನು ಯಾರಿಗೂ ಹೇಳಿಲ್ಲ. ಈ ಪುಸ್ತಕಕ್ಕೂ ಈಗಲೇ ಹೇಳುತ್ತಿರುವುದು.
ಇಪ್ಪತ್ತನೆಯ ಹೆಸರು ಹಾಕಿದೆ. ನನ್ನದು.

8.56
ಇಸ್ತ್ರಿಯವಳ ಫೋನು. “ಗೇಟಲ್ಲಿದೀವಿ ಅಕ್ಕಾ. ಒಳಗೆ ಯಾರೂ ಹೋಗಿಲ್ಲ. ಕಳಿಸಿದ್ರಾ?” ಹಿಂದೆ ಗದ್ದಲ, ಯಾರೋ ನಗುತ್ತಿದ್ದರು, ಹೆದರಿದಾಗ ಬರುವ ನಗು.
ಕಳಿಸಲೇ?
y

8.59
ಹೋಯಿತು. ಎರಡು ವಿಳಾಸ.

9.04
ಫೋನು. ಲಾಂಡ್ರಿ ಆಫೀಸಿನ ನಂಬರು. ನಿಂತಿತು. ಮತ್ತೆ ಹೊಡೆದುಕೊಳ್ಳುತ್ತಿದೆ. ಎಡಗೈಯಲ್ಲಿ ಎತ್ತಿಕೊಂಡೆ. ಏನಂದರೂ ಹಾಗೇ ಬರೆದುಕೊಳ್ಳಬೇಕು, ಒಂದು ಅಕ್ಷರ ಬಿಡದೆ. ಮ್ಯಾನೇಜರೇ. ಕೇಳುತ್ತಿದ್ದಾರೆ — “ಈ ಇಪ್ಪತ್ತನೇ ಹೆಸರಿನವಳ ಮಗ ನಮ್ಮ ಗೋಡೌನಲ್ಲೇ ಇರೋದಲ್ವಾ?”