ಮಕ್ತಲಿಗೆ ಬಾರದ ಬಸ್ಸು

ಮಕ್ತಲ್, ಭಾನುವಾರ
11 ಆಗಸ್ಟ್ 2024

ಪ್ರೀತಿಯ ತಮ್ಮಾ ಶಿವಕಾಂತಾ,

ನಿನಗೂ ಹರಿತಾಗೂ ಕೂಸಿಗೂ ಅಕ್ಕ ಗಂಗಾಂಬಿಕಾಳ ಆಶೀರ್ವಾದ. ಹೇಗಿದ್ದೀಯಾ? ಪುಣೆಯಲ್ಲಿ ಮಳೆ ಜೋರಂತೆ, ಟಿವಿಯಲ್ಲಿ ನೋಡಿದೆ. ಕಟ್ಟಡದ ಮೇಲೆ ಹತ್ತಿ ಇಳಿಯುವಾಗ ಜೋಪಾನ. ಮೇಸ್ತ್ರಿಯಾದೆ ಅಂತ ಎಲ್ಲದಕ್ಕೂ ಮೊದಲು ನೀನೇ ಹತ್ತಬೇಡ. ಹರಿತಾಳ ಬೆನ್ನುನೋವು ಕಡಿಮೆಯಾಯಿತೇ? ಅವಳಿಗೆ ತಣ್ಣೀರು ಮುಟ್ಟಲು ಬಿಡಬೇಡ, ನಿನ್ನ ಬಟ್ಟೆ ನೀನೇ ಒಗೆದುಕೋ. ಕೂಸಿಗೆ ಈಗ ಕುತ್ತಿಗೆ ನಿಂತಿರಬೇಕು. ಇಲ್ಲಿ ನಾವು ಆರಾಮವಾಗಿದ್ದೇವೆ. ನಮ್ಮ ಯಜಮಾನರಿಗೆ, ನಿನ್ನ ಭೀಮಣ್ಣ ಮಾವನಿಗೆ, ಮೊಣಕಾಲು ನೋವು, ಆದರೂ ನಾನು ರೊಟ್ಟಿ ಬಡಿಯಲು ಕೂತರೆ ಒಲೆ ನೋಡಿಕೊಳ್ಳುತ್ತಾರೆ. ಎರಡು ತಿಂಗಳಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ಇರಲಿ. ಬಾಗಿಲಿಗೆ ಬಂದ ಕಾಗದವನ್ನು ಓದದೆ ಬಿಸಾಡುವವನಲ್ಲ ಅಂತ ಬರೆಯುತ್ತಿದ್ದೇನೆ. ನಿನ್ನನ್ನು ಸಮಾಧಾನ ಮಾಡಲು ಅಲ್ಲ, ಜಗಳ ಮಾಡಲು. ಕೂತು ಪೂರಾ ಓದು.

ಆ ಮಂಗಳವಾರ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ಅವತ್ತು ನೀನು ಅರ್ಧಕ್ಕೇ ಫೋನು ಇಟ್ಟುಬಿಟ್ಟೆ. ಬುಧವಾರ ಮಧ್ಯಾಹ್ನ ನಿನ್ನ ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಹೇಳಿದ ಮೇಲೆ ನೆರೆದ ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವವಳೂ ಅವಳೇ. ಆ ಗುದ್ದಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆನೋ ನಿನಗೇ ಗೊತ್ತು. ನೀನೇ ನಿನ್ನ ಫೋನಿನಲ್ಲಿ, ಗದ್ವಾಲದಿಂದ ಹೊರಟು ಮಕ್ತಲ್, ನಾರಾಯಣಪೇಟೆ ಮೇಲೆ ಪುಣೆಗೆ ಬರುವ ಖಾಸಗಿ ಬಸ್ಸಿಗೆ ಸಾವಿರದ ಮುನ್ನೂರೈವತ್ತು ಕೊಟ್ಟು ನನಗೆ ಟಿಕೆಟ್ ಮಾಡಿಸಿದೆ. ಮಂಗಳವಾರ ಮನೆ ಬಿಟ್ಟು ಹೊರಡುವ ದಿನವಲ್ಲ. ಅದಕ್ಕೇ ಸೋಮವಾರ ಒಳ್ಳೆಯ ಹೊತ್ತು ನೋಡಿ ನನ್ನ ಬಟ್ಟೆಯ ಚೀಲವನ್ನು ಸ್ಟಾಪಿನ ಎದುರಿಗಿರುವ ಪೆದ್ದಯ್ಯನ ಚಹಾದಂಗಡಿಯಲ್ಲಿ ಇಟ್ಟು ಬಂದೆ. ಚೀಲ ಹೋಯಿತೆಂದರೆ ನಾವು ಹೊರಟಂತೆಯೇ ಲೆಕ್ಕ. ಅಪ್ಪ ಅವ್ವ ಎಲ್ಲಿಗೆ ಹೊರಟರೂ ಹಾಗೇ ಮಾಡುತ್ತಿದ್ದರು. ಮಂಗಳವಾರ ನಾಲ್ಕಕ್ಕೇ ಹೋಗಿ ಕೂತೆ. ಬಸ್ಸು ಐದಕ್ಕೆ. ಐದಾಯಿತು, ಆರಾಯಿತು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಎಂಟರವರೆಗೆ ಕಾದೆ. ಟಿಕೆಟಿನ ಮೇಲಿದ್ದ ನಂಬರಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ನೀನೂ ಎತ್ತಲಿಲ್ಲ, ಮನೆ ತುಂಬ ನೆಂಟರಿದ್ದರೇನೋ. ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಎತ್ತಿದೆ. ಬಸ್ಸೇ ಬರಲಿಲ್ಲವೋ ತಮ್ಮಾ ಎಂದೆ. ನೀನು ಅಂದದ್ದು ನನಗೆ ಒಂದಕ್ಷರ ಮರೆತಿಲ್ಲ: “ಸುಳ್ಳು ಯಾಕ ಹೇಳ್ತಿ ಅಕ್ಕಾ? ಪ್ರಯಾಣಿಕರು ಬರಲಿಲ್ಲ ಅಂತ ಕಂಪನಿಯವರು ಮೆಸೇಜ್ ಹಾಕ್ಯಾರ. ಬರಾಕ ಮನಸ್ಸಿಲ್ಲಂದ್ರ ಮೊದಲೇ ಹೇಳಬೇಕಿತ್ತು.” ಅವತ್ತು ಹರಿತಾಳ ಅಕ್ಕ ಹೆಸರಿಟ್ಟಳು. ನನಗೆ ಹೊಟ್ಟೆ ಉರಿಯಿತು, ಮುಚ್ಚಿಡುವುದೇನು. ಮೂರು ದಿನ ಒಲೆ ಹಚ್ಚಲಿಲ್ಲ.

ನಾಲ್ಕನೆಯ ದಿನ ಎದ್ದು ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯ ಮಹೇಂದರ್ ಹತ್ತಿರ ಹೋದೆ. ಅವನು ಕಂಪನಿಗೆ ಫೋನು ಹಚ್ಚಿಕೊಟ್ಟ. ಆ ಕಡೆ ಒಬ್ಬ ಹುಡುಗಿ, ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದಳು. ನೀವು ಯಾವ ದಿನ ಹೊರಟಿರಿ ಅಮ್ಮಾ ಎಂದು ಕೇಳಿದಳು. ಸೋಮವಾರ ಎಂದೆ. ಮತ್ತೇನು ಹೇಳಲಿ? ಮಂಗಳವಾರ ಹೊರಟೆ ಅಂತ ಬಾಯಿಬಿಟ್ಟು ಹೇಳುವುದುಂಟೇ? ಸರಿಯಾಗಿ ನೆನಪು ಮಾಡಿಕೊಳ್ಳಿ ಎಂದಳು. ಸೋಮವಾರವೇ ಎಂದು ಮತ್ತೂ ಗಟ್ಟಿಯಾಗಿ ಹೇಳಿದೆ. ಎರಡು ದಿನ ಬಿಟ್ಟು ಉತ್ತರ ಬಂತು: ಪ್ರಯಾಣಿಕರು ಒಂದು ದಿನ ಮೊದಲೇ ಬೇರೆ ದಾರಿಯಿಂದ ಹೊರಟಿದ್ದಾಗಿ ತಾವೇ ಒಪ್ಪಿದ್ದಾರೆ, ಹಣ ವಾಪಸ್ ಇಲ್ಲ, ದೂರು ಮುಗಿದಿದೆ. ಮಹೇಂದರ್ ತಲೆ ಚಚ್ಚಿಕೊಂಡ. “ಮಂಗಳವಾರ ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ರೀ ಅಕ್ಕಾ?” ಎಂದ. ನಗು ಬಂತು, ಮೈಯೆಲ್ಲ ಉರಿಯಿತು ಕೂಡ. ಮತ್ತೆ ಫೋನು ಹಚ್ಚಿಸಿ, ದೇವರಿಗೆ ಮನಸ್ಸಿನಲ್ಲೇ ಕೈಮುಗಿದು, ಮಂಗಳವಾರ ಮಂಗಳವಾರ ಮಂಗಳವಾರ ಎಂದು ಮೂರು ಸಲ ಹೇಳಿದೆ. ಈ ಸಲ ಮುನ್ನೂರು ರೂಪಾಯಿಯ ಕೂಪನ್ ಕೊಡುತ್ತೇವೆ, ಮುಂದಿನ ಪ್ರಯಾಣಕ್ಕೆ ಬಳಸಿಕೊಳ್ಳಿ ಎಂದರು. ಬಂದು ಕೂತವಳನ್ನು ಬರಲಿಲ್ಲ ಎಂದವರ ಬಸ್ಸನ್ನೇ ನಾನು ಮತ್ತೆ ಹತ್ತಬೇಕಂತೆ! ನಿಮ್ಮ ಕೂಪನ್ ನೀವೇ ಇಟ್ಟುಕೊಳ್ಳಿ, ನನಗೆ ಪೂರಾ ಹಣ ಬೇಕು, ಬಸ್ಸು ಮಕ್ತಲಿಗೆ ಬರಲಿಲ್ಲ ಅಂತ ಬರೆದ ಕಾಗದವೂ ಬೇಕು ಎಂದೆ. ಅಂಥ ಕಾಗದ ಕೊಡುವ ಪದ್ಧತಿ ಇಲ್ಲವಂತೆ.

ಪದ್ಧತಿ ಇಲ್ಲದಿದ್ದರೆ ಮಾಡಿಸುತ್ತೇನೆ ಅಂತ ಗದ್ವಾಲಕ್ಕೆ ಹೋದೆ. ಅಲ್ಲಿ ಆ ಬಸ್ಸಿನ ಟಿಕೆಟ್ ಕೊಡುವವನು ನರಸಿಂಹುಲು. ನನಗೇನೂ ಗೊತ್ತಿಲ್ಲ, ಎಲ್ಲ ಆನ್‌ಲೈನ್ ಎಂದು ಕೈ ಕೊಡವಿದ. ನಾನು ಅವನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತೆ. ಟಿಕೆಟ್ ಕೇಳಲು ಬಂದ ಒಬ್ಬೊಬ್ಬರಿಗೂ ನನ್ನ ಕಥೆ ಹೇಳಿದೆ, ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ. ಹಸಿವಾದಾಗ ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಬಿಚ್ಚಿ ತಿಂದೆ. ಮಧ್ಯಾಹ್ನದೊಳಗೆ ನಾಲ್ಕು ಗಿರಾಕಿಗಳು ಹಿಂದಕ್ಕೆ ಹೋದರು. ಆಮೇಲೆ ಅವನೇ ಎದ್ದು ಬಂದು ಕೈ ಮುಗಿದ. “ಸಾಕು ಮಾಡ್ರೀ ಅಮ್ಮಾ. ಮಕ್ತಲದಾಗ ನೀವೊಬ್ರು, ನಾರಾಯಣಪೇಟೆಯಾಗ ಒಬ್ಬಾಕಿ. ಇಬ್ಬರ ಸಲುವಾಗಿ ಅಷ್ಟು ಸುತ್ತು ಯಾಕಂತ ಡ್ರೈವರ್ ಸೀದಾ ರಾಯಚೂರು ರಸ್ತಾ ಹಿಡದಾನ್ರೀ.” ಅದನ್ನೇ ಬರೆದುಕೊಡು ಎಂದರೆ ಹೊಟ್ಟೆಪಾಡು ಎಂದ. ಅವನನ್ನು ಬೈಯಲು ಮನಸ್ಸಾಗಲಿಲ್ಲ. ಆದರೆ ನಾರಾಯಣಪೇಟೆಯ ಆ ಹೆಂಗಸಿನ ಹೆಸರು ಕೊಟ್ಟ. ನವನೀತಾ, ಸೀರೆ ಮಾರುವವಳು. ಹೋಗಿ ನೋಡಿದರೆ ಅವಳಿಗೂ ಅದೇ ಸಂಜೆ ಅದೇ ಮಾತು ಬಂದಿದೆ, ಪ್ರಯಾಣಿಕರು ಬರಲಿಲ್ಲ ಅಂತ. ಮಗನಿಗೆ ತೋರಿಸಬೇಕಿದ್ದ ಡಾಕ್ಟರರ ದಿನ ಅವಳಿಗೆ ತಪ್ಪಿತ್ತು. ಬಸ್ಸು ಬರಲಿಲ್ಲ ಅಂತ ನಾನು ಬರೆಸಿದ ಕಾಗದಕ್ಕೆ ಕೇಳಿದ ಕೂಡಲೇ ಸಹಿ ಹಾಕಿದಳು. ನಾನು ಕಾದು ಕೂತದ್ದನ್ನು ಕಂಡಿದ್ದ ಚಹಾದಂಗಡಿಯ ಪೆದ್ದಯ್ಯನೂ ಅದಕ್ಕೆ ಹೆಬ್ಬೆಟ್ಟು ಒತ್ತಿದ. ಗ್ರಾಹಕರ ಸಹಾಯವಾಣಿಯವರು ಕಂಪನಿಗೆ ಬರೆದು ನೋಡಿದರು, ಅದಕ್ಕೂ ಬಗ್ಗಲಿಲ್ಲ. ಈಗ ಮಹಬೂಬ್‌ನಗರದ ಗ್ರಾಹಕರ ಆಯೋಗದಲ್ಲಿ ದಾವೆ ಹಾಕಿದ್ದೇನೆ. ಇದೇ ಇಪ್ಪತ್ತಮೂರು, ಶುಕ್ರವಾರ ವಿಚಾರಣೆ.

ನಿನ್ನ ಭೀಮಣ್ಣ ಮಾವ ಕೇಳುತ್ತಾರೆ, ಅಷ್ಟು ರೂಪಾಯಿಗೆ ಇಷ್ಟು ಓಡಾಟವೇ ಅಂತ. ಓಡಾಟಕ್ಕೇ ಅದಕ್ಕಿಂತ ಹೆಚ್ಚು ಖರ್ಚಾಗಿದೆ, ಗೊತ್ತು. ನಾನು ಗುದ್ದಾಡುತ್ತಿರುವುದು ಒಂದು ಮಾತಿಗೆ. ಎಲ್ಲೋ ಕೂತವರು ಗಂಗಾಂಬಿಕಾ ಬರಲಿಲ್ಲ ಎಂದು ಬರೆದರು, ಹದಿನೆಂಟು ವರ್ಷ ಒಂದೇ ತಾಟಿನಲ್ಲಿ ಉಂಡ ತಮ್ಮ ಅದನ್ನು ನಂಬಿದ. ಆ ಮಾತನ್ನು ಅವರ ಕೈಯಿಂದಲೇ ಅಳಿಸದೆ ಬಿಡುವುದಿಲ್ಲ. ಸೋತರೆ ಮೇಲಿನ ಕಚೇರಿಗೆ ಹೋಗುತ್ತೇನೆ. ನಿನ್ನ ಮೇಲೆ ಸಿಟ್ಟಿದೆ, ಪ್ರೀತಿಯೂ ಇದೆ, ಎರಡೂ ಕಡಿಮೆಯಾಗಿಲ್ಲ.

ಕೂಸಿಗೆ ದೃಷ್ಟಿ ತೆಗೆಯಲು ಹರಿತಾಗೆ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ಮಲ್ಲಯ್ಯ ದೇವರು ನಿಮ್ಮನ್ನೆಲ್ಲ ಚೆನ್ನಾಗಿ ಇಟ್ಟಿರಲಿ.

ನಿನ್ನ ಅಕ್ಕ,
ಗಂಗಾಂಬಿಕಾ

ತಾ.ಕ.: ಕಾಗದ ಮಡಚಿಟ್ಟಿದ್ದೆ, ಅಷ್ಟರಲ್ಲಿ ಮಹೇಂದರ್ ಬಂದ. ಕಂಪನಿಯವರು ಆಯೋಗಕ್ಕೆ ಕೊಟ್ಟ ಉತ್ತರ ಅವನ ಫೋನಿಗೆ ಬಂದಿದೆ, ಓದಿ ಹೇಳಿದ. ಪ್ರಯಾಣಿಕರು ಬರಲಿಲ್ಲ ಎಂದು ಕಳಿಸಿದ್ದು ಅವರ ಕಂಪ್ಯೂಟರಂತೆ. ಇದು ನಿಜವೇ ಎಂದು ಟಿಕೆಟ್ ಮಾಡಿಸಿದವರನ್ನೇ ಕೇಳಿದ್ದರಂತೆ. ಅಲ್ಲ ಎಂದಿದ್ದರೆ ಮಾರನೆಯ ದಿನವೇ ಪೂರಾ ಹಣ ವಾಪಸ್ ಕೊಡುತ್ತಿದ್ದರಂತೆ. ಬುಧವಾರ ಸಂಜೆ ಆರೂಕಾಲಿಗೆ ನಿನ್ನ ಫೋನಿನಿಂದ ‘ನಿಜ’ ಎಂದು ಉತ್ತರ ಹೋಗಿದೆ. ಬುಧವಾರ ಸಂಜೆ, ಶಿವಕಾಂತಾ. ಬೆಳಿಗ್ಗೆ ಏಳಕ್ಕೇ ನಾನು ನಿನಗೆ ಹೇಳಿಯಾಗಿತ್ತು. ದಾವೆ ವಾಪಸ್ ತೆಗೆದುಕೊಳ್ಳೋಣವೇ ಅಕ್ಕಾ ಎಂದು ಮಹೇಂದರ್ ಮೆಲ್ಲಗೆ ಕೇಳಿದ. ಇಲ್ಲ ಎಂದೆ. ಇಪ್ಪತ್ತಮೂರಕ್ಕೆ ಹತ್ತೂವರೆಯೊಳಗೆ ಮಹಬೂಬ್‌ನಗರಕ್ಕೆ ಬಾ. ಎಲ್ಲರ ಮುಂದೆ ನಿಂತು, ನಮ್ಮ ಅಕ್ಕ ಬಂದಿದ್ದಳು, ಬಸ್ಸೇ ಬರಲಿಲ್ಲ ಅಂತ ನಿನ್ನ ಬಾಯಿಂದ ಹೇಳು. ಅವರು ಕೊಡುವ ಹಣ ನೀನೇ ಇಟ್ಟುಕೋ.