‘ಇರ್ಲಿ ಬಿಡಿ’ ಅನ್ನಬೇಡಿ

ಅಪ್ಪಾ,

ಸಕಲೇಶಪುರದ ಸ್ಟುಡಿಯೋಗೆ ಹೋಗಿ ಬರುತ್ತೇನೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ.

ನಾವು ಖಾಲಿ ಮಾಡುತ್ತಿದ್ದೇವೆಂದು ಸಂಜೆ ಓನರ್ ದೇವೇಂದ್ರಪ್ಪನವರು ಮನೆ ನೋಡಲು ಬರುತ್ತಾರಲ್ಲ, ಅಡುಗೆಮನೆ ಗೋಡೆಗೆ ಮಸಿ ಹಿಡಿಸಿದ್ದು ನಾವೇ ಎಂದು ಅಡ್ವಾನ್ಸಿನಲ್ಲಿ ಸುಣ್ಣಬಣ್ಣದ ದುಡ್ಡು ಮುರಿದುಕೊಳ್ಳಲು ನೋಡುತ್ತಾರೆ. ಈ ಮನೆಗೆ ಬಂದ ದಿನ ಅಮ್ಮ ಹಾಲು ಉಕ್ಕಿಸಿದ ಫೋಟೊ ಇದೆಯಲ್ಲ? ನಾವೆಲ್ಲ ಅಮ್ಮನ ಹೊಸ ಸೀರೆಯನ್ನಷ್ಟೇ ನೋಡಿದ್ದು. ಹಿಂದಿನ ಗೋಡೆ ಆಗಲೇ ಕರ್ರಗಿದೆ! ನೆಗೆಟಿವ್ ಕೊಟ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬರುತ್ತೇನೆ.

ಅಷ್ಟರಲ್ಲಿ ಕ್ಯಾಲೆಂಡರಿನ ಮೊಳೆ ಕಿತ್ತು, ತೂತಿಗೆ ಸುಣ್ಣ ಮೆತ್ತಿಬಿಡಿ.

ಅವರು ಬೇಗ ಬಂದರೆ ಕಾಫಿ ಕೊಡಿ, ಮಾತು ಕೊಡಬೇಡಿ. ತೋಟದ ಲೆಕ್ಕ ಬರೆಯುವ ನಿಮಗೇ “ಏನ್ ರೈಟ್ರೇ, ನಮ್ ನಮ್ಮಲ್ಲಿ ಏನ್ ಲೆಕ್ಕ ಐತೆ ಮಾರಾಯ್ರೇ” ಅಂತಾರೆ. ನೀವು ತಕ್ಷಣ “ಇರ್ಲಿ ಬಿಡಿ” ಅಂತೀರಿ. ಬೆಳಗೋಡಿನ ಮನೆಯ ಅಡ್ವಾನ್ಸ್ ಹೋಗಿದ್ದು ಆ ಎರಡೇ ಮಾತಿಗೆ. ಈ ಸಲವೂ ಹಾಗಾದರೆ ಅಡ್ವಾನ್ಸ್ ಕಟ್ಟಲು ದುಡ್ಡಿಲ್ಲದೆ ಆಲೂರಿನ ಹೊಸ ಮನೆ ಕೈತಪ್ಪುತ್ತದೆ.

ನಾನು ಯಾರೆದುರೂ ಬಾಯಿ ಬಿಡುವವಳಲ್ಲ, ನನಗೂ ಗೊತ್ತು. ಇವತ್ತು ಬಿಡುತ್ತೇನೆ.

ಬೀಗದ ಕೈ ಹುಡುಕಬೇಡಿ, ನನ್ನ ಬ್ಯಾಗಿನಲ್ಲಿದೆ. ಅಡ್ವಾನ್ಸ್ ಪೂರ್ತಿ ನಿಮ್ಮ ಕೈಗೆ ಬಂದ ಮೇಲೆ ಅವರ ಕೈಗೆ ನಾನೇ ಕೊಡುತ್ತೇನೆ.

ವಸಂತ